ಗೂಟಕ್ಕೆ ಕಟ್ಟಿದ ಎಮ್ಮೆ

ಕೆರೆಯ ಏರಿ ಬಿರುಕು ಬಿಟ್ಟಿದೆ, ಊರು ಬಿಡಿ ಎಂದು ಡಂಗುರ ಸಾರಿದ್ದರು. ಹಳ್ಳದ ಈಚೆ ಸುಲೇಪೇಟದ ಕಡೆಯ ಲಾರಿಗೆ ಕಾಯುತ್ತಿದ್ದಾಗ, ನನ್ನ ಮುಂದೆ ನೆರೆಮನೆಯ ಇಬ್ಬರು ಹೆಂಗಸರು ನಿಂತಿದ್ದರು.

“ಪೀರಮ್ಮಕ್ಕ, ದನ ಬಿಚ್ಚಿ ಬಿಟ್ಟಿಲ್ಲ?”

“ಬಿಟ್ಟಿದ್ದೆ ಸಾಬವ್ವ. ಹೊತ್ತು ಇಳೀತಲೇ ಎಮ್ಮಿ ತಾನೇ ಮನಿಗಿ ಬಂತು. ಹಿಂಡಿದೆ.”

“ಕೊಳ್ಳಾಗಿನ ಲಿಂಗ ಮರೆತರೂ ಹಿಂಡೋದು ಮರಿಯಂಗಿಲ್ಲ ನೀ.”

“ಹಿಂಡಿ, ರೂಢಿಮ್ಯಾಲ ಮತ್ತ ಗೂಟಕ್ಕ ಕಟ್ಟೀನಿ. ಇಲ್ಲಿ ಬಂದಮ್ಯಾಲ ನೆಪ್ಪಾಯ್ತು. ನಮ್ಮನಿಯವರು ಬಿಚ್ಚಾಕ ಹೋಗ್ಯಾರ.”

“ಹಳ್ಳ ದಾಟಿ?”

“ಆಗ ಮೊಳಕಾಲಮಟ ಇತ್ತು.”

“ಈಗ ಎದಿಮಟ ಅದಲ್ಲಕ್ಕ.”

ಪೀರಮ್ಮ ಹಳ್ಳದ ಕಡೆ ನೋಡಲಿಲ್ಲ. ಲಾರಿ ಬಂತು.

“ಹತ್ತಕ್ಕ. ಇದೇ ಕಡೀದಂತ.”

“ಹತ್ತತೀನಿ. ಅವರಿಗೊಂದೀಟು ಜಾಗ ಹಿಡಿ.”

ಲಾರಿ ಹೊರಟಿತು. ಕಿಕ್ಕಿರಿದು ನಿಂತ ನಾವು ಯಾರೂ ಪೀರಮ್ಮನ ಮಗ್ಗುಲಲ್ಲಿ ಹಿಡಿದಿಟ್ಟ ಜಾಗದಲ್ಲಿ ಕೂರಲಿಲ್ಲ.