ಅರಿಶಿನದ ಕಲೆ

ಕಾಗದನಗರದ ಕಾರ್ಖಾನೆಯಲ್ಲಿ ದುಡಿದು ರಿಟೈರಾದ ಲಿಂಗಪ್ಪನಿಗೆ ಶಿವಮೊಗ್ಗದ ಬಸ್ಸಿನಲ್ಲಿ ಸಿಕ್ಕಿದ್ದು ಇಬ್ಬರು ಟೀಚರುಗಳ ಹಿಂದಿನ ಸೀಟು. ಹೆಡ್ ಮೇಡಂ ಕೈಯಲ್ಲೊಂದು ಕಥೆಪುಸ್ತಕ. ಮುಖ ಮಾತ್ರ ಕಾದ ಹೆಂಚು.

"ಸುಮನಾ, ಶಾಲೆ ಪುಸ್ತಕದ ಬೀರುವಿನ ಬೀಗದ ಕೈ ನಿಮಗೆ ಕೊಟ್ಟಿದ್ದೇ ತಪ್ಪಾಯ್ತು. ಇದನ್ನ ಮನೆಗೆ ಯಾಕ್ರೀ ಕಳಿಸಿದ್ರಿ? ಪುಟಪುಟಕ್ಕೂ ಅರಿಶಿನದ ಕಲೆ."

"ನಾಲ್ಕನೇ ಕ್ಲಾಸಿನ ಯಾಳಿನಿ ತಗೊಂಡು ಹೋಗಿದ್ಲು ಮೇಡಂ. ಅವರಜ್ಜಿಗೆ ಓದೋಕೆ ಬರಲ್ಲ. ಇವಳು ಕನ್ನಡದಲ್ಲಿ ಓದಿ ತಮಿಳಲ್ಲಿ ಕಥೆ ಹೇಳಿದಾಳೆ. ಅಡುಗೆ ಮಾಡ್ತಿದ್ದ ಅಜ್ಜಿ, ಮುಂದೇನಾಯ್ತು ಅಂತ ತಡೀಲಾರದೆ ಅರಿಶಿನದ ಕೈಯಲ್ಲೇ ಪುಟ ತಿರುಗಿಸಿದಾರೆ."

"ಮನೇಲೊಂದು ಭಾಷೆ, ಶಾಲೇಲೊಂದು ಭಾಷೆ ಇರೋ ಮಕ್ಕಳು ಹೇಗೆ ಓದ್ತಾರೆ ಅಂತ ನೋಡೋಕೆ ನಾಳೆ ಯೂನಿವರ್ಸಿಟಿಯವರು ಬರ್ತಿದಾರೆ. ಅವರಿಗೆ ಈ ಹೊಲಸು ತೋರಿಸ್ಲಾ? ಮಿಕ್ಕ ಮುನ್ನೂರು ಪುಸ್ತಕ ನೋಡಿ, ಹನ್ನೊಂದು ವರ್ಷದಿಂದ ಒಂದು ಗೆರೆ ಬಿದ್ದಿಲ್ಲ."

"ಹೇಗೆ ಬೀಳುತ್ತೆ ಮೇಡಂ? ಒಂದು ಮಗೂಗೂ ಮುಟ್ಟೋಕೆ ಬಿಟ್ಟಿಲ್ವಲ್ಲ ನೀವು."

ಬಸ್ ಸ್ಟ್ಯಾಂಡ್ ಬಂತು. ಹೆಡ್ ಮೇಡಂ ಪುಸ್ತಕವನ್ನು ಸೀಟಿನ ಮೇಲೆ ಕುಕ್ಕಿ ಎದ್ದರು. ಸುಮನಾ ಅದನ್ನು ಎತ್ತಿ ಸೆರಗಿನಿಂದ ಒರೆಸಿದಳು.

"ನಾಳೆ ನಾನು ಇದನ್ನೇ ತೋರಿಸ್ತೀನಿ ಮೇಡಂ. ನಮ್ಮ ಶಾಲೇಲಿ ಓದಿರೋ ಪುಸ್ತಕ ಅಂತ ಇರೋದು ಇದೊಂದೇ."

ಹಿಂದಿನ ಸೀಟಿನಲ್ಲಿದ್ದ ಲಿಂಗಪ್ಪ ನೋಡುತ್ತಿದ್ದಂತೆ ಇಬ್ಬರೂ ಬೇರೆ ಬೇರೆ ಬಾಗಿಲಲ್ಲಿ ಇಳಿದು ಹೋದರು.