ಕೋರ್ಮಾಕನ ಅಪ್ಪ ಯಾರು?

...ಆಗಲ್ಲ ಅಂದೆನಲ್ಲ ಅಮ್ಮಾವ್ರೇ! ಎಷ್ಟು ಸಲ ಹೇಳಿಸ್ತೀರಿ? ಬೇರೆ ಯಾರನ್ನಾದರೂ ಕರೆಸಿ. ಯಾಕೆ ನಗ್ತೀರಿ? ಹೌದು, ಬೇರೆ ಯಾರೂ ಇಲ್ಲ. ಆರ್ಡ್‌ವಾಲನ್ ಮನೆತನದ ವಂಶ ಹೇಳೋದು ನಮ್ಮ ಮನೆಯವರ ಕೆಲಸ. ಅಪ್ಪ ಹೇಳಿದ, ತಾತ ಹೇಳಿದ... ಗೊತ್ತು. ಆದರೆ ಈ ಮುದುಕ ಮಾಲ್ಡೊವೆನ್‌ಗೆ, ನನಗೆ, ಸಾಕಾಗಿದೆ.

ಕೂತ್ಕೊಳ್ಳಿ. ಯಜಮಾನರನ್ನ ಮಣ್ಣು ಮಾಡಿದ ದಣಿವೇ ಇನ್ನೂ ಹೋಗಿಲ್ಲ ನಿಮಗೆ.

ಜನ ಆಗಲೇ ಗುಡ್ಡ ಹತ್ತುತಾ ಇದ್ದಾರೆ, ಕಾಣುತ್ತೆ. ದೊರೆಯಾಗೋಕೆ ನಿಮ್ಮ ಗಿಲ್‌ಕ್ರಿಸ್ಟ್ ಪಟ್ಟದ ಕಲ್ಲಿನ ಮೇಲೆ ಕೂರಬೇಕು. ನಾನು ಎದುರಿಗೆ ನಿಂತು ಇಂಥವನ ಮಗ, ಇಂಥವನ ಮಗ ಅಂತ ಹಿಂದಕ್ಕೆ ಹಿಂದಕ್ಕೆ ಹೋಗಬೇಕು. ನಾನು ಹೇಳದಿದ್ದರೆ ಅವನು ದೊರೆಯಲ್ಲ. ಅವನ ಚಿಕ್ಕಪ್ಪ ಕೆಳಗೆ ತನ್ನ ಜನ ಕಟ್ಕೊಂಡು ಕಾದಿದ್ದಾನೆ... ಅದೂ ಗೊತ್ತು ಅಮ್ಮಾ, ಅದೂ ಗೊತ್ತು.

ಆದರೆ ಕೋರ್ಮಾಕನ ಅಪ್ಪ ಯಾರು? ಹೇಳಿ! ಈ ಮನೆತನದ ಮೂಲಪುರುಷ, ಅವನು ಬಂದಿದ್ದಾದರೂ ಎಲ್ಲಿಂದ? ಐರ್ಲೆಂಡಿನ ರಾಜನ ಮಗ ಅಂತಿದ್ದ ನಮ್ಮ ತಾತ. ಆಮೇಲೆ ರಾಜನ ಆಸ್ಥಾನದಲ್ಲಿ ಫ್ರೆಂಚ್ ಮಾತಾಡೋರು ಹೆಚ್ಚಾದರು ನೋಡಿ, ನಮ್ಮಪ್ಪ ಅವನನ್ನ ನಾರ್ಮನ್ ಸರದಾರನ ಮೊಮ್ಮಗ ಮಾಡಿಬಿಟ್ಟ! ಪಕ್ಕದ ಕಣಿವೆಯವರು ಏನಂತಾರೆ ಗೊತ್ತಾ? ದ್ವೀಪಗಳ ಕಡೆಯಿಂದ ದೋಣೀಲಿ ಬಂದ ದನಗಳ್ಳ... ನಗಬೇಡಿ! ನೀವು ನಕ್ಕರೆ ನನಗೂ ನಗು ಬರುತ್ತೆ. ಹೆಸರು ಮರೆತ ಕಡೆ ಯಾವುದೋ ಸಂತನ ಸೇವಕ ಅಂತ ಒಬ್ಬನನ್ನ ತುರುಕ್ತೀವಿ. ಕೇಳೋರಿಗೂ ಗೊತ್ತು, ಸುಮ್ಮನೆ ತಲೆ ಆಡಿಸ್ತಾರೆ.

ಹಾಗಾದರೆ ಈಗ್ಯಾಕೆ ಹಟ ಅಂತೀರಾ? ವಯಸ್ಸು ಅಮ್ಮಾ. ನಾಲಿಗೆ ತೊದಲುತ್ತೆ.

ಏನು, ನಿಮ್ಮೆದುರಿಗೆ ಒಂದ್ಸಲ ಹೇಳಿ ತೋರಿಸಬೇಕಾ? ಸರಿ. ಫರ್ಕಾರ್, ಮಾಲೀಸನ ಮಗ. ಮಾಲೀಸ್, ಡಫ್‌ನ ಮಗ. ಡಫ್... ಯಾಕೆ ಕೈ ಎತ್ತಿದಿರಿ? ಓ... ಇವತ್ತಿನವನಿಂದ ಶುರು ಮಾಡಬೇಕು ಅಲ್ವಾ. ನಿಮ್ಮ ಯಜಮಾನರಿಂದಲ್ಲ. ಮರೆತೆ ನೋಡಿ. ಗಿಲ್‌ಕ್ರಿಸ್ಟ್... ಗಿಲ್‌ಕ್ರಿಸ್ಟ್... ಸ್ವಲ್ಪ ನೀರು ಕೊಡಿ.

ಸತ್ತು ಮಣ್ಣಾದವರ ಬಗ್ಗೆ ಏನು ಬೇಕಾದರೂ ಹೇಳಬಹುದು. ಅದು ಕಸುಬು. ಆದರೆ ಇವನು ಇವನ ಮಗ ಅಂತ ಮೊದಲನೇ ಹೆಸರಿಂದ ಎರಡನೇದಕ್ಕೆ ಹೋಗೋದಿದೆಯಲ್ಲ, ಅದನ್ನ ಆ ಕಲ್ಲು ಮುಟ್ಟಿ ಹೇಳಬೇಕು. ಅದು ಆಣೆ...

ಯಾಕೆ ಹಾಗೆ ನೋಡ್ತೀರಿ? ನಮ್ಮ ಮನೇಲಿ ಗಿಲ್‌ಕ್ರಿಸ್ಟ್‌ಗೆ ಏನು ಕಡಿಮೆ ಮಾಡಿದ್ವಿ? ದೊರೆಗಳ ಮಕ್ಕಳು ಬೇರೆಯವರ ಮನೇಲಿ ಬೆಳೆಯೋದು ಎಲ್ಲ ಕಡೆ ಇರೋದೇ. ಅವನು ಕೂಸಾಗಿದ್ದಾಗಲೇ ನೀವು ಕಳಿಸಿದಿರಿ. ನನ್ನ ಹೆಂಡತಿ ಬೆಥಾಕ್ ತನ್ನ ಕೂಸಿನ ಜೊತೆಗೇ ಹಾಲು ಕೊಟ್ಟಳು. ಆ ಚಳಿಗಾಲ ಜ್ವರ ಬಂತು, ಎರಡಕ್ಕೂ ಬಂತು... ಒಂದು ಹೋಯ್ತು. ನಮ್ಮದು ಹೋಯ್ತು. ನಮ್ಮದೇ! ಆಗಲೇ ಹೇಳಿ ಕಳಿಸಿದ್ವಲ್ಲ! ಹಿಮ ಕರಗಿ ದಾರಿ ಬಿಟ್ಟ ಮೇಲೆ ನೀವೇ ಬಂದಿರಿ. ಉಳಿದ ಕೂಸನ್ನ ಎತ್ಕೊಂಡು ಬಹಳ ಹೊತ್ತು ನೋಡಿದಿರಿ. ಈಗಿನ ಹಾಗೇ...

ಅಮ್ಮಾವ್ರೇ?

ಆ ಪುಟ್ಟ ಗೋರಿ... ಅಲ್ಲಿಗೆ ನೀವು ವರ್ಷವರ್ಷವೂ ಬರ್ತೀರಿ. ಹಾಲು ಕೊಟ್ಟವಳ ಮಗುವಿನ ಗೋರಿಗೆ ಯಾವ ದೊರೆಸಾನಿ ಬರ್ತಾಳೆ? ದೊಡ್ಡ ಮನಸ್ಸು ಅಂತ ನಾನು ಊರೆಲ್ಲ ಹೇಳ್ಕೊಂಡು ಬಂದೆ. ಬೆಥಾಕ್ ಮಾತ್ರ ನೀವು ಬಂದ ದಿನ ಬಾಗಿಲು ಹಾಕ್ಕೊಂಡು ಒಳಗೇ ಇರ್ತಿದ್ದಳು...

ಅಲ್ಲಿ ಮಲಗಿರೋದು ಯಾರ ಕೂಸು ಅಂತ ನಿಮಗೆ ಆವತ್ತೇ ಗೊತ್ತಾಗಿತ್ತಾ? ಇಲ್ಲ ಅನ್ನಿ. ಒಂದು ಮಾತು, ಇಲ್ಲ ಅನ್ನಿ!

...ಯಾಕೆ ಈ ಮೇಲಂಗಿ? ನಾನೇ ಹಾಕ್ಕೊಳ್ತೀನಿ, ಬಿಡಿ. ನೀವು ಗುಂಡಿ ಹಾಕೋದಾ ನನಗೆ?

ಸರಿ. ಕೈ ಕೊಡಿ, ಏರು ಜಾಸ್ತಿ ಇದೆ. ಗಿಲ್‌ಕ್ರಿಸ್ಟ್, ಫರ್ಕಾರನ ಮಗ. ಹೇಳ್ತೀನಿ. ಕಲ್ಲು ಮುಟ್ಟೇ ಹೇಳ್ತೀನಿ. ನೀವು ಮಾತ್ರ ನನ್ನ ಎದುರಿಗೆ ನಿಲ್ಲಬೇಡಿ.