ಹರಿವೆ ಮಡಿಗೆ ಫಿನಾಯಿಲ್

ಊರು ಮುಗಿದು ಬಡಾವಣೆ ಶುರುವಾಗೋ ಕಡೆ ಒಬ್ಬ ಯಜಮಾನ ಇದ್ದ. ಶ್ರೀಮಂತ ಏನಲ್ಲ. ಮೂವತ್ತು-ನಲವತ್ತರ ಸೈಟು, ಮನೆ ಕಟ್ಟಿ ಹಿಂದುಗಡೆ ಉಳಿದದ್ದು ಎರಡು ಚಾಪೆ ಹಾಸುವಷ್ಟು ಮಣ್ಣು. ಆದರೆ ಚೊಕ್ಕಟದ ವಿಷಯಕ್ಕೆ ಬಂದರೆ ಅವನೇ ಮಹಾರಾಜ! ದಿನಾ ಬೆಳಿಗ್ಗೆ ಬಕೆಟ್ ನೀರಿಗೆ ಫಿನಾಯಿಲ್ ಸುರಿದು, ಹೊಸಿಲಿಂದ ಹಿತ್ತಿಲವರೆಗೂ ತಾನೇ ತೊಳೀಬೇಕು. ಇದನ್ನ ನೆನಪಲ್ಲಿಟ್ಕೊಳ್ಳಿ. ಅಲ್ಲಿ ಗಡಿಯಾರ ನೋಡ್ತಿರೋರೂ ಸ್ವಲ್ಪ ನೆನಪಲ್ಲಿಟ್ಕೊಳ್ಳಿ, ಪ್ರಸಾದ ಎಲ್ಲೂ ಓಡಿಹೋಗಲ್ಲ.

ಅವನ ಹೆಂಡತಿ ಇಪ್ಪತ್ತು ದಿನ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದಳು. ಅನ್ನ ಸೇರ್ತಿಲ್ಲ. "ಹೀಗೇ ಉಣ್ಣದೆ ಇದ್ರೆ ಮತ್ತೆ ಸೇರಿಸಬೇಕಾಗುತ್ತೆ" ಅಂತ ಡಾಕ್ಟರು ಹೆದರಿಸಿದ್ದರು. ಅವಳು ಗಂಡನ್ನ ಕರೆದು ಹೇಳಿದಳು: "ರೀ, ಔಷಧಿ ಹೊಡೀದೆ ಬೆಳೆಸಿದ ಹರಿವೆ ಸೊಪ್ಪಿನ ಹುಳಿ ಆದ್ರೆ ಎರಡು ತುತ್ತು ಉಣ್ತೀನೇನೋ. ಆಮೇಲೆ, ಈ ಮನೇಲೂ ಆಸ್ಪತ್ರೆ ವಾಸನೇನೇ ಬರುತ್ತೆ ಕಣ್ರೀ."

ಹೇಳಿದ್ದು ಎರಡು ಮಾತು. ಯಜಮಾನನಿಗೆ ಕೇಳಿಸಿದ್ದು ಒಂದೇ.

ಪಾಪ, ಕಷ್ಟಪಟ್ಟ ರೀ! ಕಾಸು ಖರ್ಚಿಲ್ಲದೆ ಹಿತ್ತಿಲು ಮಾಡಿದ. ತರಕಾರಿ ಸಿಪ್ಪೆ, ಒಣಗಿದ ಎಲೆ, ಹಾಲಿನವನ ಕೊಟ್ಟಿಗೆಯಿಂದ ಬೇಡಿ ತಂದ ಸಗಣಿ, ಎಲ್ಲ ಕೊಳೆಸಿ ಗೊಬ್ಬರ ಮಾಡಿದ. ಮಡಿ ಕಟ್ಟಿ ಹರಿವೆ ಬೀಜ ಚೆಲ್ಲಿದ. ಮೊಳಕೆ ಬಂತು, ನಾಲ್ಕೆಲೆ ಬಿಟ್ಟಿತು, ಕರಟಿ ಹೋಯ್ತು.

ಬೀಜದ ಅಂಗಡಿಯವನಿಗೆ ಬೈದು ಬಂದ. ಮತ್ತೆ ಚೆಲ್ಲಿದ, ಮತ್ತೆ ಕರಟಿತು. "ಪಕ್ಕದ ಮನೆಯವರ ಕಣ್ಣು ಬಿತ್ತು" ಅಂತ ಬೂದುಗುಂಬಳಕಾಯಿ ಕಟ್ಟಿದ. ಕರಟಿತು. "ವಾಸ್ತು ಸರಿಯಿಲ್ಲ" ಅಂತ ಮಡಿಯನ್ನೇ ಈಶಾನ್ಯಕ್ಕೆ ಎಳೆದ. ಕುಂಬಳಕಾಯಿ ಏನು ಮಾಡೀತು ಸ್ವಾಮಿ? ಈಶಾನ್ಯ ಏನು ಮಾಡೀತು? ಒಳಗೆ ಹೆಂಡತಿ ಗಂಜೀನೂ ಬೇಡ ಅಂತ ಗೋಡೆ ಕಡೆ ತಿರುಗಿ ಮಲಗಿದ್ದಾಳೆ. ಇವನು ಹೊರಗೆ ದೇವರಿಗೇ ಬೈತಾ ನಿಂತಿದ್ದಾನೆ: "ನಾನೇನು ಪಾಪ ಮಾಡಿದ್ದೆ?"

ಸೊಪ್ಪು ಮಾರುವ ಮುದುಕಿ ಒಬ್ಬಳು ಬುಟ್ಟಿ ಇಳಿಸಿ ಕೇಳಿದಳು: "ಯಜಮಾನ್ರೇ, ಮಣ್ಣು ಮೂಸಿ ನೋಡಿದ್ರಾ?"

"ಮಣ್ಣು ಮೂಸೋಕೆ ನನಗೇನು ಹುಚ್ಚಾ?" ಅಂದ. ಆದರೂ ಒಂದು ಹಿಡಿ ಎತ್ತಿ ಮೂಗಿಗೆ ಹಿಡಿದ. ಆಸ್ಪತ್ರೆ ವಾಸನೆ! ದಿನಾ ಅವನು ತೊಳೆದ ಫಿನಾಯಿಲ್ ನೀರು ಇಳಿಜಾರಲ್ಲಿ ಹರಿದು ಸೀದಾ ಮಡಿಗೇ ಬರ್ತಿತ್ತು. ಆಗ ನೆನಪಾಯ್ತು, ಹೆಂಡತಿ ಹೇಳಿದ್ದ ಎರಡನೇ ಮಾತು. ಹಿಡಿದ ಮಣ್ಣು ಹಿಡಿದ ಹಾಗೇ ಅಲ್ಲೇ ಅತ್ತುಬಿಟ್ಟ.

ಅವತ್ತೇ ಫಿನಾಯಿಲ್ ಶೀಸೆ ಆಚೆ ಹೋಯ್ತು. ಬರೀ ನೀರಲ್ಲಿ ಮನೆ ತೊಳೆದ. ನಾಲ್ಕು ದಿನಕ್ಕೆ ಹೆಂಡತಿ, "ಇವತ್ತು ಅನ್ನದ ಘಮ ಗೊತ್ತಾಗ್ತಿದೆ, ಸ್ವಲ್ಪ ಬಡಿಸಿ" ಅಂದಳು. ಹರಿವೆ ಬರೋಕೆ ಮುಂಚೇನೇ ಉಂಡಳು ನೋಡಿ! ಮಣ್ಣು ಬದಲಾಯಿಸಿದ ಮೇಲೆ ಹರಿವೇನೂ ಬಂತು, ಅದು ಬೇರೆ ಮಾತು.

ನಗಬೇಡಿ. ನೀವು ಮಾಡ್ತಿರೋದು ಇದೇ ಅಲ್ವಾ? ಒಂದು ಕೈಯಲ್ಲಿ ಗೊಬ್ಬರ, ಇನ್ನೊಂದು ಕೈಯಲ್ಲಿ ಫಿನಾಯಿಲ್. ಒಂದು ಗಂಟೆ ಪೂಜೆ ಮಾಡ್ತೀರಿ, ಎದ್ದ ತಕ್ಷಣ ಕಾಫಿ ತಡವಾಯ್ತು ಅಂತ ಮನೆಯವರ ಮೇಲೆ ಹರಿಹಾಯ್ತೀರಿ. ಆಮೇಲೆ ನನ್ನ ಹತ್ರ ಬಂದು, "ಸ್ವಾಮೀಜಿ, ಮನೇಲಿ ನೆಮ್ಮದಿ ಇಲ್ಲ, ಯಾವ ಶಾಂತಿ ಮಾಡಿಸಲಿ?" ಅಂತ ಕೇಳ್ತೀರಿ. ಯಾವ ಶಾಂತಿನೂ ಬೇಡ ರೀ! ಕೇಳಿ ಕೇಳಿ ನನಗೂ ಸಾಕಾಗಿದೆ.

ನಿಮ್ಮ ಮನೇಲಿ ಒಬ್ಬರು ತಿಂಗಳುಗಟ್ಟಲೆ ಒಂದೇ ಮಾತು ಹೇಳ್ತಾ ಇದ್ದಾರೆ. ನೀವು ಹೂಂ ಅಂದು ಬಕೆಟ್ ಎತ್ಕೊಂಡು ಹೋಗ್ತಾ ಇದ್ದೀರಿ. ಇವತ್ತು ಮನೆಗೆ ಹೋದವರೇ ಕೈಕಾಲು ತೊಳ್ಕೊಂಡು ಅವರ ಮುಂದೆ ಕೂತ್ಕೊಳ್ಳಿ. "ಅವತ್ತು ಏನೋ ಹೇಳಿದ್ಯಲ್ಲ, ಇನ್ನೊಂದು ಸಲ ಹೇಳು" ಅಂತ ಕೇಳಿ. ಹೇಳಿ ಮುಗಿಸೋವರೆಗೂ ಬಾಯಿ ಬಿಡಬೇಡಿ.